ಸೆಕೆಂಡ್ ಹ್ಯಾಂಡ್ ಭತ್ತದ ಕಟಾವು ಮಿಷನ್ ತಗೊಳ್ಳೋರು ಮೊದಲು ಡ್ರಮ್ ಮುಚ್ಚಳ ತೆಗೆಸಿ ನೋಡಿ

ಸುಗ್ಗಿ ಮುಗಿಯುತ್ತಿದ್ದ ಹಾಗೆ ಮಂಡ್ಯ, ಪಾಂಡವಪುರ, ಮಳವಳ್ಳಿ ಕಡೆ ಹಳೇ ಚೈನ್ ಗಾಡಿಗಳು, ಅಂದರೆ ಟೈರಿನ ಬದಲು ರಬ್ಬರ್ ಟ್ರ್ಯಾಕ್ ಇರುವ ಕಟಾವು ಮಿಷನ್‌ಗಳು, ಮಾರಾಟಕ್ಕೆ ಬರುತ್ತವೆ. ಹೊಸ ಬಣ್ಣ, ಹೊಸ ಸೀಟ್ ಕವರ್, ಮೀಟರಿನಲ್ಲಿ ಕಡಿಮೆ ಗಂಟೆ. ಅಂಥದ್ದೊಂದನ್ನು ನಾನೂ ನಮ್ಮ ಚಿಕ್ಕಪ್ಪನ ಮಗನೂ ಪಾಲಿನಲ್ಲಿ ಕೊಂಡು ಒಂದು ಸುಗ್ಗಿ ಪೂರ್ತಿ ಒದ್ದಾಡಿದ್ದೇವೆ. ಮಾರಿದವರು ಹೊರ ಜಿಲ್ಲೆಯ ದಲ್ಲಾಳಿ. ಹೆಸರು ಬೇಡ. ಅವರು ಏನೇನು ಮುಚ್ಚಿಟ್ಟಿದ್ದರು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಾಗಬೇಕು.

ಮಿಷನ್ನೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ಕಟಾವಿನ ಹೊತ್ತಿಗೂ ಗದ್ದೆ ಪೂರ್ತಿ ಆರಿರುವುದಿಲ್ಲ, ಮೇಲಿನ ಗದ್ದೆಯವರು ನೀರು ಬಿಟ್ಟರೆ ಕೆಳಗಿನವರಿಗೆ ಜಿನುಗುತ್ತಲೇ ಇರುತ್ತದೆ. ಟೈರ್ ಗಾಡಿ ಅಲ್ಲಿ ಹೂತುಕೊಳ್ಳುತ್ತದೆ. ರಬ್ಬರ್ ಟ್ರ್ಯಾಕಿನ ಸಣ್ಣ ಗಾಡಿ ಭಾರ ಹರಡಿಕೊಂಡು ಮೇಲೇ ನಿಲ್ಲುತ್ತದೆ, ಅರ್ಧ ಎಕರೆ ತಾಕಿನಲ್ಲೂ ತಿರುಗುತ್ತದೆ. ಕೊಯ್ಲಿಗೆ ಆಳು ಸಿಗದ ಈ ಕಾಲದಲ್ಲಿ ಸಣ್ಣ ರೈತನಿಗೆ ಇದು ಬೇಕೇ ಬೇಕು. ಆ ಅಗತ್ಯ ಗೊತ್ತಿದ್ದೇ ದಲ್ಲಾಳಿಗಳು ಆಟ ಆಡುತ್ತಾರೆ.

ನಮಗೆ ಗಾಡಿ ಓಡಿಸಿ ತೋರಿಸಿದ್ದು ಅವರ ಶೆಡ್ಡಿನ ಮುಂದೆ, ಒಣ ನೆಲದಲ್ಲಿ. "ಬೆಣ್ಣೆ ಹಂಗೆ ಹೋಯ್ತದೆ ನೋಡಿ ಅಣ್ಣ" ಅಂದರು. ಹೋಯಿತು ಕೂಡ. ಎಣ್ಣೆ ತಣ್ಣಗಿದ್ದಾಗ ಸವೆದ ಎಚ್‌ಎಸ್‌ಟಿ (ಎಣ್ಣೆಯ ಒತ್ತಡದಿಂದ ಗಾಡಿ ಓಡಿಸುವ ಪಂಪು, ಮೋಟಾರಿನ ಭಾಗ) ಕೂಡ ಚೆನ್ನಾಗಿಯೇ ಎಳೆಯುತ್ತದೆ. ಗದ್ದೆಗೆ ಇಳಿದು ಗಂಟೆಗಟ್ಟಲೆ ಕೊಯ್ದು ಎಣ್ಣೆ ಕಾದು ತೆಳುವಾದಾಗ ಪಂಪಿನ ಒಳಗೇ ಒತ್ತಡ ಸೋರಿಹೋಗುತ್ತದೆ. ಬೆಳಗ್ಗೆ ಸಲೀಸಾಗಿ ಹೋದ ಗಾಡಿ ಮಧ್ಯಾಹ್ನ ಬದು ಹತ್ತಲಾರದೆ ನಿಲ್ಲುತ್ತಿತ್ತು. ಆದ್ದರಿಂದ ಗಾಡಿ ಕಾದ ಮೇಲೆ ನೋಡಿ. ನಿಂತ ಬೆಳೆಯಲ್ಲಿ, ಹಸಿ ಗದ್ದೆಯಲ್ಲಿ, ಭತ್ತದ ಟ್ಯಾಂಕ್ ತುಂಬಿಸಿ ಬದು ಹತ್ತಿಸಿ. ಎಣ್ಣೆ ಕಡ್ಡಿ ಎಳೆದು ಮೂಸಿ, ಸುಟ್ಟ ವಾಸನೆ ಬಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ದೊಡ್ಡ ಮೋಸ ಇದ್ದದ್ದು ಡ್ರಮ್ಮಿನಲ್ಲಿ. ತೆನೆ ಒಕ್ಕುವ ಡ್ರಮ್ಮಿನ ಹಲ್ಲುಗಳು ತಿರುಗುವ ದಿಕ್ಕಿನ ಕಡೆ ಸವೆಯುತ್ತವೆ. ಮುಚ್ಚಳದ ಬೋಲ್ಟ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟಾಗ ಕಂಡದ್ದು ಇದು: ಸವೆದ ಹಲ್ಲಿಗೆ ಕಬ್ಬಿಣದ ಚೂರು ಇಟ್ಟು ವೆಲ್ಡಿಂಗ್ ಮಾಡಿ, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಒಂದೊಂದು ಹಲ್ಲೂ ಒಂದೊಂದು ತೂಕ. ಅಷ್ಟು ವೇಗದಲ್ಲಿ ತಿರುಗುವ ಡ್ರಮ್ಮಿನ ತೂಕ ಸಮ ಇಲ್ಲದಿದ್ದರೆ ಗಾಡಿಯೆಲ್ಲ ನಡುಗುತ್ತದೆ, ಬೇರಿಂಗ್ ಹೋಗುತ್ತದೆ. ನಮ್ಮದೂ ಹೋಯಿತು, ಅದೂ ಸುಗ್ಗಿಯ ನಡುವೆ. ಕೆಳಗಿನ ಜಾಲರಿಯ ಸರಳುಗಳ ಅಂಚು ಬೆರಳಿಗೆ ಚುರುಕಾಗಿ ತಾಗಬೇಕು. ನಮ್ಮದರಲ್ಲಿ ಉಂಡೆಯಾಗಿ ನುಣ್ಣಗಾಗಿತ್ತು. ಅದನ್ನು ಮರೆಮಾಚಲು ಡ್ರಮ್ಮಿಗೂ ಜಾಲರಿಗೂ ನಡುವಿನ ಸಂದು ಬಿಗಿ ಮಾಡಿಟ್ಟಿದ್ದರು. ಪರಿಣಾಮ ಎರಡು ಕಡೆ ಹೊಡೆತ: ಟ್ಯಾಂಕಿಗೆ ಬಿದ್ದ ಭತ್ತದಲ್ಲಿ ಸಿಪ್ಪೆ ಸುಲಿದ ಕಾಳು, ನುಚ್ಚು; ಹಿಂದೆ ಬಿದ್ದ ಹುಲ್ಲಿನಲ್ಲಿ ಒಕ್ಕದೆ ಉಳಿದ ತೆನೆ.

ಎಷ್ಟು ಹೋಗಿತ್ತು ಅಂತ ಕಣ್ಣಾರೆ ಕಂಡದ್ದು ಆಮೇಲೆ. ಕಟಾವಾಗಿ ಕೆಲವು ವಾರಕ್ಕೆ ಮಳೆ ಬಿತ್ತು. ಗಾಡಿ ಹುಲ್ಲು ಉಗುಳಿಕೊಂಡು ಹೋದ ದಾರಿಯಲ್ಲೇ, ಸಾಲು ಹಿಡಿದು ಭತ್ತ ಮೊಳೆತು ನಿಂತಿತ್ತು. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಎಕರೆಗೆ ಒಂದು ಕ್ವಿಂಟಾಲ್ ಹಿಂದೆ ಉದುರಿದರೂ ಅಷ್ಟು ದುಡ್ಡು ಮಣ್ಣುಪಾಲು. ಗಾಡಿ ನೋಡಲು ಹೋದಾಗ ಹುಲ್ಲು ಬೀಳುವ ಜಾಗಕ್ಕೆ ಒಂದು ಟಾರ್ಪಾಲ್ ಹಿಡಿಸಿ, ಬಿದ್ದದ್ದನ್ನು ಜಾಡಿಸಿ ನೋಡಿ. ಜೊಳ್ಳು ಬಂದರೆ ಪರವಾಗಿಲ್ಲ, ಗಟ್ಟಿ ಕಾಳು ಬಂದರೆ ಕಾರಣ ಕೇಳಿ.

ಫೋನ್ ಮಾಡಿದಾಗ ದಲ್ಲಾಳಿ ಹೇಳಿದ್ದು ಇಷ್ಟೇ: "ನೋಡ್ಕಂಡೇ ತಗಂಡ್ರಲ್ಲಣ್ಣ." ಬಣ್ಣ ಬಳಿದು ಮುಚ್ಚಿದ್ದನ್ನು ಯಾರು ತಾನೇ ನೋಡಲು ಸಾಧ್ಯ? ಆಮೇಲೆ ಫೋನ್ ಎತ್ತಲಿಲ್ಲ.

ಗಂಟೆ ಮೀಟರ್ ನಂಬಬೇಡಿ, ಬದಲಾಯಿಸುವುದು ಸುಲಭ. ಪೆಡಲ್ ರಬ್ಬರ್, ಲಿವರ್ ಹಿಡಿ, ಕಟರ್ ಬ್ಲೇಡಿನ ಸವೆತ ನೋಡಿ. ಟ್ರ್ಯಾಕಿನ ಬಿರುಕಿನಲ್ಲಿ ಒಳಗಿನ ಉಕ್ಕಿನ ತಂತಿ ಇಣುಕಿದರೆ ಅದರ ಆಯುಸ್ಸು ಮುಗಿದ ಹಾಗೆ. ಜೊತೆ ಟ್ರ್ಯಾಕಿಗೆ ಲಕ್ಷ ದಾಟುತ್ತದೆ.

ಈಗಾಗಲೇ ಗಾಡಿ ಇರುವವರಿಗೂ ಒಂದು ಮಾತು. ರೇಡಿಯೇಟರ್ ಜಾಲರಿಗೆ ಹೊಟ್ಟು ಕಟ್ಟಿಕೊಂಡರೆ ಎಂಜಿನ್ ಕಾಯುತ್ತದೆ, ದಿನಾ ಒಂದೆರಡು ಸಲವಾದರೂ ಕೊಡವಿ. ಏರ್ ಫಿಲ್ಟರ್ ಕೂಡ ದಿನಾ ನೋಡಿ. ಸೈಲೆನ್ಸರ್ ಹತ್ತಿರ ಒಣಹುಲ್ಲು ಉಳಿಯಲೇಬಾರದು, ಬೆಂಕಿ ಹತ್ತುವುದು ಅಲ್ಲಿಂದಲೇ. ಸುಗ್ಗಿ ಮುಗಿದ ಮೇಲೆ ಟ್ಯಾಂಕು, ಆಗರ್ (ಕಾಳು ಸಾಗಿಸುವ ಸುರುಳಿ ಕೊಳವೆ) ಒಳಗಿನ ಕಾಳು ಪೂರ್ತಿ ತೆಗೆಯದಿದ್ದರೆ ಇಲಿ ಸೇರಿಕೊಂಡು ವೈರಿಂಗ್ ಕಡಿಯುತ್ತದೆ. ಬೆಲ್ಟ್ ಸಡಿಲಿಸಿ, ಬ್ಲೇಡಿಗೆ ಎಣ್ಣೆ ಸವರಿ ನೆರಳಿನಲ್ಲಿ ನಿಲ್ಲಿಸಿ. ಬೀಜಕ್ಕೆ ಬೆಳೆದ ಗದ್ದೆಗೆ ಬಾಡಿಗೆ ಗಾಡಿ ಬಂದರೆ ಮೊದಲು ಖಾಲಿ ಓಡಿಸಿ ಶುಚಿ ಮಾಡಿಸಿ, ಇಲ್ಲದಿದ್ದರೆ ಬೇರೆಯವರ ತಳಿ ನಿಮ್ಮ ಬೀಜಕ್ಕೆ ಬೆರೆಯುತ್ತದೆ. ಗಾಡಿಯಿಂದ ಇಳಿಸಿದ ಭತ್ತವನ್ನು ಹಾಗೇ ಚೀಲಕ್ಕೆ ತುಂಬಬೇಡಿ. ಖರೀದಿ ಕೇಂದ್ರದಲ್ಲಿ ತೇವಾಂಶ ಶೇ. 17 ಮೀರಿದರೆ ತಗೊಳ್ಳುವುದಿಲ್ಲ.

ಇನ್ನು ಕಾಗದ ಪತ್ರ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಕೈಗೆ ಬರುವವರೆಗೂ ಪೂರ್ತಿ ದುಡ್ಡು ಕೊಡಬೇಡಿ. ಸಬ್ಸಿಡಿಯಲ್ಲಿ ಬಂದ ಗಾಡಿಯೇ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಮಾರಾಟಕ್ಕೆ ಷರತ್ತು ಇದ್ದರೆ ಅಲ್ಲೇ ತಿಳಿಯುತ್ತದೆ. ಡ್ರಮ್, ಎಂಜಿನ್, ಎಚ್‌ಎಸ್‌ಟಿ ಸ್ಥಿತಿಯನ್ನು ಛಾಪಾ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆದುಕೊಡಲು ಒಪ್ಪದವರ ಹತ್ತಿರ ವ್ಯಾಪಾರ ಬೇಡ. ನಮ್ಮ ಸುತ್ತಮುತ್ತ ಯಾರಾದರೂ ಗಾಡಿ ನೋಡಲು ಹೊರಟಿದ್ದರೆ ಒಂದು ಮಾತು ಹೇಳಿ, ಸ್ಪ್ಯಾನರ್ ಟಾರ್ಚ್ ತಗೊಂಡು ನಾನೂ ಬರುತ್ತೇನೆ.