ಗಾಂಡೊ ಪ್ರಾಥಮಿಕ ಶಾಲೆ: ಬಿಸಿಲನ್ನು ದೂರವಿಟ್ಟ ಕಟ್ಟಡದ ವಿಮರ್ಶೆ

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊ ಗ್ರಾಮದಲ್ಲಿ 2001ರಲ್ಲಿ ಪೂರ್ಣಗೊಂಡ ಪ್ರಾಥಮಿಕ ಶಾಲೆಯ ವಿನ್ಯಾಸದಲ್ಲಿ ಮೊದಲು ಗಮನಿಸಬೇಕಾದದ್ದು ಅದರ ಮಾಡು. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ತಲುಪುವ ಆ ಸೀಮೆಯಲ್ಲಿ ಗೋಡೆಗಳ ಮೇಲೆ ನೇರವಾಗಿ ತಗಡು ಹೊದಿಸಿದರೆ ಮಧ್ಯಾಹ್ನದ ಹೊತ್ತಿಗೆ ತರಗತಿಯಲ್ಲಿ ಕುಳಿತುಕೊಳ್ಳುವುದೇ ಕಷ್ಟವಾಗುತ್ತದೆ. ಹಾಗೆಂದು ತಗಡನ್ನು ಬಿಡುವಂತೆಯೂ ಇಲ್ಲ, ಏಕೆಂದರೆ ಮಳೆಗಾಲದ ಜೋರುಮಳೆಯಿಂದ ಮಣ್ಣಿನ ಕಟ್ಟಡವನ್ನು ಕಾಯಲು ಅದು ಬೇಕು. ಗಾಂಡೊದಲ್ಲಿ ಈ ಇಕ್ಕಟ್ಟಿಗೆ ಕಂಡುಕೊಂಡ ಪರಿಹಾರ ಸರಳವಾದದ್ದು. ತರಗತಿಯ ಮೇಲೆ ಮಣ್ಣಿನ ಇಟ್ಟಿಗೆಗಳದೇ ಒಂದು ಒಳಚಾವಣಿಯಿದ್ದು, ಅದರಲ್ಲಿ ಗಾಳಿ ಹಾಯಲು ಸಂದುಗಳನ್ನು ಬಿಡಲಾಗಿದೆ. ಅದಕ್ಕಿಂತ ಸಾಕಷ್ಟು ಮೇಲೆ, ಕಬ್ಬಿಣದ ಚೌಕಟ್ಟಿನ ಮೇಲೆ ತಗಡಿನ ಮಾಡು ನಿಂತಿದೆ. ಒಳಗಿನ ಬಿಸಿಗಾಳಿ ಸಂದುಗಳ ಮೂಲಕ ಮೇಲೇರಿದರೆ, ಎರಡು ಚಾವಣಿಗಳ ನಡುವೆ ಬೀಸುವ ಗಾಳಿ ತಗಡಿನ ಕಾವನ್ನೂ ಸೇರಿಸಿ ಅದನ್ನು ಹೊರಗೆ ಒಯ್ಯುತ್ತದೆ. ಗೋಡೆಗಳನ್ನು ದಾಟಿ ಬಹಳ ಮುಂದಕ್ಕೆ ಚಾಚಿದ ಮಾಡು ಬಿಸಿಲಿಗೂ ಮಳೆಗೂ ಒಟ್ಟಿಗೇ ಅಡ್ಡ ನಿಲ್ಲುತ್ತದೆ. ಇಷ್ಟೆಲ್ಲ ನಡೆಯುವುದು ವಿದ್ಯುತ್ತಿನ ನೆರವಿಲ್ಲದೆ.

ಇದನ್ನು ರೂಪಿಸಿದ ವಾಸ್ತುಶಿಲ್ಪಿ ಡಿಯೆಬೆಡೊ ಫ್ರಾನ್ಸಿಸ್ ಕೆರೆ 1965ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಊರಿನಲ್ಲಿ ಶಾಲೆಯಿಲ್ಲದ ಕಾರಣ ಬಾಲ್ಯದಲ್ಲಿಯೇ ಮನೆ ಬಿಟ್ಟು ಹೋಗಿ ಓದಬೇಕಾಗಿ ಬಂದ ಅವರು, ಬರ್ಲಿನ್ನಿನಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಯಾಗಿದ್ದಾಗಲೇ ಈ ಶಾಲೆಗಾಗಿ ಹಣ ಕೂಡಿಸತೊಡಗಿದರು. ಕಟ್ಟಡಕ್ಕೆ 2004ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಕೆರೆ ಅವರಿಗೆ 2022ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವೆನಿಸಿದ ಪ್ರಿಟ್ಜ್‌ಕರ್ ಪ್ರಶಸ್ತಿ ಸಂದಿತು. ಆದರೆ ನನ್ನ ದೃಷ್ಟಿಯಲ್ಲಿ ಈ ಕಟ್ಟಡದ ಹಿರಿಮೆ ಪ್ರಶಸ್ತಿಗಳಲ್ಲಿ ಇಲ್ಲ, ಊರಿನವರ ಕೈಗೆ ಎಟಕುವಂತಹ ಕೆಲಸದ ಕ್ರಮವನ್ನೇ ಅದು ಆರಿಸಿಕೊಂಡಿತು ಎಂಬುದರಲ್ಲಿದೆ. ಮಣ್ಣಿನ ಗೋಡೆ ಮಳೆಗೆ ಕರಗುವುದನ್ನು ಕಂಡಿದ್ದ ಗ್ರಾಮಸ್ಥರಿಗೆ ಮಣ್ಣಿನ ಶಾಲೆಯ ವಿಚಾರ ಮೊದಲಿಗೆ ಒಪ್ಪಿಗೆಯಾಗಿರಲಿಲ್ಲ, ಮತ್ತು ಆ ಸಂಶಯ ನ್ಯಾಯವಾದದ್ದೇ ಆಗಿತ್ತು. ಅದಕ್ಕೆ ಉತ್ತರವಾಗಿ ಮಣ್ಣಿಗೆ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ಗಟ್ಟಿಯಾದ ಇಟ್ಟಿಗೆಗಳನ್ನು ಅಲ್ಲಿಯೇ ತಯಾರಿಸಲಾಯಿತು. ಮಾಡಿನ ಚೌಕಟ್ಟಿಗೆ ಭಾರಿ ತೊಲೆಗಳನ್ನು ತರಿಸದೆ, ಕಾಂಕ್ರೀಟ್ ಕೆಲಸಕ್ಕೆ ಬಳಸುವ ಸಾಮಾನ್ಯ ಕಬ್ಬಿಣದ ಸರಳುಗಳನ್ನೇ ಬೆಸೆಯಲಾಯಿತು. ಇದಕ್ಕೆ ಕ್ರೇನ್ ಬೇಕಾಗಲಿಲ್ಲ. ಕೈಗರಗಸವನ್ನೂ ಸಣ್ಣ ವೆಲ್ಡಿಂಗ್ ಯಂತ್ರವನ್ನೂ ಬಳಸುವುದನ್ನು ಊರಿನವರಿಗೆ ಕಲಿಸಿದರೆ ಸಾಕಾಯಿತು. ಹೀಗೆ ಕಲಿತವರು ಊರಿನಲ್ಲಿರುವವರೆಗೆ ದುರಸ್ತಿಗಾಗಿ ಹೊರಗಿನವರ ದಾರಿ ಕಾಯಬೇಕಾದ ಸಂದರ್ಭ ಕಡಿಮೆ. ಸುಸ್ಥಿರ ಎಂದು ಹೇಳಿಕೊಳ್ಳುವ ಅನೇಕ ಶಾಲಾ ಕಟ್ಟಡಗಳು ಸೋಲುವುದು ಇಲ್ಲಿಯೇ ಎಂದು ನಾನು ಭಾವಿಸುತ್ತೇನೆ.

ಮೂರು ತರಗತಿಗಳು ಒಂದೇ ಸಾಲಿನಲ್ಲಿದ್ದು, ಅವುಗಳ ನಡುವೆ ಮಾಡಿನ ನೆರಳಿರುವ ತೆರೆದ ಜಾಗಗಳಿವೆ. ಅಲ್ಲಿ ಪಾಠವೂ ಆಟವೂ ನಡೆಯಬಹುದು. ಒಂದು ಕೋಣೆಯ ಸದ್ದು ಇನ್ನೊಂದಕ್ಕೆ ಅಷ್ಟಾಗಿ ತಟ್ಟಲಾರದು.

ಕೊರತೆಗಳೂ ಇವೆ. ಸಹಾರಾದ ಕಡೆಯಿಂದ ದೂಳು ಹೊತ್ತು ಬೀಸುವ ಹರ್ಮಟಾನ್ ಗಾಳಿಯ ತಿಂಗಳುಗಳಲ್ಲಿ, ಗಾಳಿಗೆ ಇಷ್ಟು ತೆರೆದುಕೊಂಡ ಕಟ್ಟಡವು ದೂಳನ್ನು ಪೂರ್ತಿಯಾಗಿ ತಡೆಯಲಾರದು. ಸಿಮೆಂಟ್, ಕಬ್ಬಿಣ ಮತ್ತು ತಗಡು ಹೊರಗಿನಿಂದಲೇ ಬರಬೇಕಾದ್ದರಿಂದ ಇದನ್ನು ಸಂಪೂರ್ಣ ಸ್ಥಳೀಯ ಕಟ್ಟಡ ಎನ್ನುವುದು ಸರಿಯಲ್ಲ. ಈ ವಿಷಯದಲ್ಲಿ ಬಾಂಗ್ಲಾದೇಶದ ರುದ್ರಾಪುರದ ಮೇಟಿ ಶಾಲೆ ಹೆಚ್ಚು ಕಟ್ಟುನಿಟ್ಟಾದದ್ದು: ಆನಾ ಹೆರಿಂಗರ್ ಮತ್ತು ಐಕೆ ರೋಸ್ವಾಗ್ ಅವರ ಆ ವಿನ್ಯಾಸದಲ್ಲಿ ಕೆಳಮಹಡಿಗೆ ಹುಲ್ಲು ಬೆರೆಸಿದ ಮಣ್ಣಿನ ದಪ್ಪ ಗೋಡೆಗಳು, ಮೇಲಂತಸ್ತಿಗೆ ಬಿದಿರು ಬಳಕೆಯಾಗಿವೆ. ಆದರೆ ಮಣ್ಣೂ ಬಿದಿರೂ ತೇವ ಮತ್ತು ಹುಳುಗಳಿಂದ ಸತತ ರಕ್ಷಣೆಯನ್ನು ಬೇಡುತ್ತವೆ. ಸ್ವಲ್ಪ ಸಿಮೆಂಟ್ ಬಳಸಿ ನಿತ್ಯದ ಆರೈಕೆಯನ್ನು ಕಡಿಮೆ ಮಾಡಿಕೊಂಡ ಗಾಂಡೊದ ಆಯ್ಕೆಯೇ ಹಣವೂ ಬಿಡುವೂ ಕಡಿಮೆಯಿರುವ ಶಾಲೆಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ತೀರ್ಮಾನ.

ಮಕ್ಕಳ ಸಂಖ್ಯೆ ಹೆಚ್ಚಿ 2008ರಲ್ಲಿ ಶಾಲೆಯನ್ನು ವಿಸ್ತರಿಸಿದಾಗಲೂ ಇದೇ ತತ್ವವನ್ನು ಅನುಸರಿಸಲಾಯಿತು. ಒಳಚಾವಣಿ ಮಾತ್ರ ಸಂದುಗಳುಳ್ಳ ಇಟ್ಟಿಗೆಯ ಕಮಾನಾಯಿತು. ಈ ವಿನ್ಯಾಸವನ್ನು ಬೇರೆಡೆಗೆ ಒಯ್ಯಬಯಸುವವರು ಮಣ್ಣಿನ ಬಣ್ಣವನ್ನಷ್ಟೇ ಅನುಕರಿಸಿದರೆ ಪ್ರಯೋಜನವಿಲ್ಲ. ಎರಡು ಚಾವಣಿಗಳ ನಡುವಿನ ಅಂತರವನ್ನೂ ಗಾಳಿ ಬೀಸುವ ದಿಕ್ಕನ್ನೂ ಮೊದಲು ನಿರ್ಧರಿಸಬೇಕು. ಬಿರುಗಾಳಿಯ ಪ್ರದೇಶಗಳಲ್ಲಿ ಮುಂಚಾಚಿದ ಮಾಡನ್ನು ಗಾಳಿ ಕೆಳಗಿನಿಂದ ಎತ್ತಿಹಾಕುವ ಅಪಾಯವಿರುವುದರಿಂದ, ಚೌಕಟ್ಟನ್ನು ಗೋಡೆ ಮತ್ತು ತೊಲೆಗಳಿಗೆ ಭದ್ರವಾಗಿ ಬಿಗಿಯುವ ಲೆಕ್ಕವನ್ನು ಎಂಜಿನಿಯರ್ ಒಬ್ಬರಿಂದ ಮಾಡಿಸಿದ ಮೇಲೆಯೇ ತಗಡು ಹೊದಿಸಬೇಕು.