ಎಡಗಣ್ಣಿಗೆ ಬೊಟಾಕ್ಸ್: ಮೂರು ಸಲ ಚುಚ್ಚಿಸಿಕೊಂಡವಳ ಅನುಭವ

ಹೆಂಗಸರಿಗೆ ಎಡಗಣ್ಣು ಹಾರಿದರೆ ಒಳ್ಳೇದು ಅಂತಾರೆ. ನನಗೆ ಎರಡು ವರ್ಷ ಹಾರಿತು. ಒಳ್ಳೇದೇನೂ ಆಗಲಿಲ್ಲ, ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಯಿತು. ಮೊದಲು ರೆಪ್ಪೆ, ಆಮೇಲೆ ಕೆನ್ನೆ, ಕೊನೆಗೆ ಬಾಯಿಯ ತುದಿಯೂ ಎಳೆಯತೊಡಗಿತು. ಬ್ಲೌಸಿನ ಅಳತೆ ಕೊಡಲು ಬಂದವರು, ನಾನು ಕಣ್ಣು ಹೊಡೆದೆ ಅಂದುಕೊಂಡು ನಕ್ಕಿದ್ದೂ ಉಂಟು.

ನರದ ಡಾಕ್ಟರ್ ಮೇಡಂ ಎಂಆರ್‌ಐ ನೋಡಿ, ಮೆದುಳಿನ ಬುಡದಲ್ಲಿ ಒಂದು ರಕ್ತನಾಳ ಮುಖದ ನರಕ್ಕೆ ಒತ್ತುತ್ತಿದೆ ಎಂದರು. ಹೆಮಿಫೇಶಿಯಲ್ ಸ್ಪಾಸಂ ಅಂತೆ. ಆಪರೇಷನ್ ಬೇಡವೆಂದರೆ ಬೊಟಾಕ್ಸ್. ಅದು ಸಿನಿಮಾದವರು ಸುಕ್ಕಿಗೆ ಹಾಕಿಸಿಕೊಳ್ಳುವುದು ಅಲ್ವಾ? ಅಮೆರಿಕದಲ್ಲಿ 1989ರಲ್ಲಿ ಅದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣಿಗೆ, ರೆಪ್ಪೆ ಬಿಗಿಯುವ ತೊಂದರೆಗೆ. ಸುಕ್ಕಿನ ಕಥೆ ಆಮೇಲಿನದು.

ಚುಚ್ಚುವುದು 5 ನಿಮಿಷದ ಕೆಲಸ. ಕೂದಲೆಳೆಯಂಥ ಸೂಜಿ. ರೆಪ್ಪೆಯ ಹತ್ತಿರ ಮಾತ್ರ ಚುರ್ ಅಂದು ನೀರು ಬಂತು. ಅವತ್ತು ಏನೂ ಬದಲಾಗಲಿಲ್ಲ. ದುಡ್ಡು ದಂಡ ಅಂದುಕೊಂಡೆ. 4ನೇ ದಿನ ಹುಕ್ಕು ಹಾಕುತ್ತಾ ಕೂತಿದ್ದೆ. ಅರ್ಧ ಗಂಟೆಯಿಂದ ಕಣ್ಣು ಸುಮ್ನಿದೆ ಅಂತ ಆಗ ಗಮನಕ್ಕೆ ಬಂತು!

ಮಗಳು ಬಯೋಕೆಮಿಸ್ಟ್ರಿ ಎಂಎಸ್ಸಿ ಓದುತ್ತಾಳೆ. ಈ ಮದ್ದು ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿದ್ದಕ್ಕೆ "ಅಮ್ಮಾ, ಇಲ್ಲಿ ನೋಡು" ಅಂತ ನನ್ನ ದಾರದ ಉಂಡೆಯನ್ನೇ ಎಳೆದುಕೊಂಡಳು. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಅನ್ನುವ, ಸುದ್ದಿ ಒಯ್ಯುವ ರಾಸಾಯನಿಕ ತುಂಬಿದ ಪುಟಾಣಿ ಚೀಲಗಳಿವೆ. ಚೀಲ ನರದ ಗೋಡೆಗೆ ಬೆಸೆದು ಬಾಯಿ ಬಿಟ್ಟರೆ ಮಾತ್ರ ಸ್ನಾಯುವಿಗೆ ಸುದ್ದಿ ಮುಟ್ಟುವುದು. ಬೆಸೆಯುವ ಕೆಲಸ ಪ್ರೋಟೀನ್‌ಗಳದ್ದು. ಚೀಲದ ಕಡೆಯಿಂದ ಸಿನಾಪ್ಟೋಬ್ರೆವಿನ್ ಒಂದು ಎಳೆ. ಗೋಡೆಯ ಕಡೆಯಿಂದ ಸಿಂಟಾಕ್ಸಿನ್ ಒಂದು, ಸ್ನ್ಯಾಪ್-25 ಎರಡು. ನಾಲ್ಕೂ ಹುರಿಗೊಳ್ಳುತ್ತಾ ಚೀಲವನ್ನು ಗೋಡೆಗೆ ಎಳೆದು ತರುತ್ತವೆ. ನರದೊಳಗೆ ಕ್ಯಾಲ್ಸಿಯಂ ನುಗ್ಗಿದ್ದನ್ನು ಸಿನಾಪ್ಟೋಟ್ಯಾಗ್ಮಿನ್ ಅನ್ನುವ ಕಾವಲುಗಾರ ಕಂಡ ಕೂಡಲೇ ಚೀಲ ತೆರೆಯುತ್ತದೆ. ಇದನ್ನೆಲ್ಲ ಬಿಡಿಸಿಟ್ಟ ರಾತ್‌ಮನ್, ಶೆಕ್‌ಮನ್, ಸೂಡಾಫ್ ಮೂವರಿಗೆ 2013ರಲ್ಲಿ ನೊಬೆಲ್ ಬಂತಂತೆ.

ಬೊಟಾಕ್ಸ್ ಇಲ್ಲಿ ಕತ್ತರಿ. ಸ್ನ್ಯಾಪ್-25 ಅನ್ನುವುದು 206 ಮಣಿಗಳ ಸರ ಅಂದುಕೊಳ್ಳಿ. ಬೊಟಾಕ್ಸ್ ಕತ್ತರಿಸುವುದು ಅದರ ತುದಿಯ 9 ಮಣಿ ಮಾತ್ರ. ಅಷ್ಟಕ್ಕೇ ಹುರಿ ಸರಿಯಾಗಿ ಬಿಗಿಯುವುದಿಲ್ಲ, ಚೀಲ ತೆರೆಯುವುದಿಲ್ಲ. 30 ವರ್ಷ ಹೊಲಿದವಳು ನಾನು. ಕೊನೆಯ ಗಂಟು ಹೋದರೆ ಏನಾಗುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮದ್ದಿಗೆ ನಾನು 5ಕ್ಕೆ 4 ಅಂಕ ಕೊಡುತ್ತೇನೆ. ಎರಡನೇ ಸಲ ಮನೆಗೆ ಹತ್ತಿರ ಅಂತ ಬೇರೆ ಕ್ಲಿನಿಕ್ಕಿಗೆ ಹೋದೆ. ಅದಕ್ಕೆ 1 ಕೊಟ್ಟರೂ ಜಾಸ್ತಿ. ಮದ್ದು ಪಕ್ಕದ ಸ್ನಾಯುವಿಗೆ ಹರಡಿ 3 ವಾರ ರೆಪ್ಪೆ ಜೋತುಬಿತ್ತು. ಹೀಗೂ ಆಗಬಹುದು ಅಂತ ಮೊದಲೇ ಹೇಳಿದ್ದರೆ ಬೇಜಾರಿರಲಿಲ್ಲ. 100 ಯೂನಿಟ್ ಸೀಸೆಗೆ ಬಿಲ್ಲು ಹಾಕಿದರು, ನನಗೆ ಹಾಕಿದ್ದು ಅರ್ಧಕ್ಕೂ ಕಡಿಮೆ. 50ರ ಸೀಸೆಯೂ ಬರುತ್ತದೆ, ಕೇಳಿ. ಫ್ರಿಡ್ಜಿನಿಂದ ತೆಗೆದು ನಿಮ್ಮೆದುರೇ ಕಲಸುತ್ತಾರಾ ನೋಡಿ. ಮೂರನೇ ಸಲ ಹಳೇ ಮೇಡಂ ಹತ್ತಿರವೇ ಹೋದೆ.

ಒಂದೇ ಕೊರತೆ, ಇದು ಮೂರು ನಾಲ್ಕು ತಿಂಗಳ ಬಾಳಿಕೆ. ನರ ಹೊಸ ಸ್ನ್ಯಾಪ್-25 ತಯಾರಿಸಿಕೊಂಡು ಮತ್ತೆ ಶುರುಮಾಡುತ್ತದೆ. ದೀಪಾವಳಿ ಕಳೆದರೆ ನನಗೆ ಮದುವೆ ಬ್ಲೌಸುಗಳ ಸುಗ್ಗಿ. ಲೆಕ್ಕ ಹಾಕಿ ಮುಂದಿನದನ್ನು ಅಕ್ಟೋಬರ್ ಕೊನೆಗೆ ಬರೆಸಿದ್ದೇನೆ.