ಪಿಐಪಿ ಅಪೀಲು ಹಾಕಿದ್ದೀರಾ? ಆ ಫೋನಿಗೆ ಒಪ್ಪಿಬಿಡಬೇಡಿ

ಇಂಗ್ಲೆಂಡಿನಲ್ಲಿ ಪಿಐಪಿ (ಅಂಗವೈಕಲ್ಯ, ದೀರ್ಘ ಕಾಯಿಲೆ ಇರುವವರಿಗೆ ಸರ್ಕಾರ ಕೊಡುವ ಭತ್ಯೆ) ಅಪೀಲು ಹಾಕಿ ಕಾಯ್ತಾ ಇರುವವರು ದಯವಿಟ್ಟು ಓದಿ. ಅಪೀಲು ಕೇಳುವ ಟ್ರಿಬ್ಯೂನಲ್ ತಾರೀಕಿಗೆ ಮುಂಚೆ, ಭತ್ಯೆ ಕೊಡುವ ಇಲಾಖೆಯಿಂದ (ಡಿಡಬ್ಲ್ಯೂಪಿ) ಒಂದು ಫೋನ್ ಬರಬಹುದು. ಅದರಲ್ಲಿ "ಹೂಂ" ಅನ್ನಬೇಡಿ. ಏನೇ ಹೇಳಲಿ, ಅನ್ನಬೇಡಿ.

ನಮ್ಮನೆಯವರಿಗೆ ಮಲ್ಟಿಪಲ್ ಸ್ಕ್ಲೀರೋಸಿಸ್. ಕೋಲು ಊರಿಕೊಂಡು ಪಕ್ಕದ ಮನೆ ಗೇಟು ಮುಟ್ಟುವಷ್ಟರಲ್ಲಿ ಎಡಗಾಲು ಎಳೆಯೋಕೆ ಶುರು. ಗೇಟು ಹಿಡಿದು ನಿಂತರೆ ಮತ್ತೆ ಹೆಜ್ಜೆ ಏಳುವುದಿಲ್ಲ. 20 ಮೀಟರ್ ದಾಟಲ್ಲ. ದಾಟದವರಿಗೆ ಮೊಬಿಲಿಟಿಯಲ್ಲಿ (ಓಡಾಟದ ಭಾಗ) 12 ಪಾಯಿಂಟ್, ಎನ್‌ಹ್ಯಾನ್ಸ್ಡ್ ಅಂದರೆ ಹೆಚ್ಚಿನ ರೇಟು, ಆ ದುಡ್ಡಿನಲ್ಲಿ ಬಾಡಿಗೆಗೆ ಪಡೆಯಬಹುದಾದ ಮೋಟಬಿಲಿಟಿ ಕಾರು. ತಪಾಸಣೆಯ ರಿಪೋರ್ಟಿನಲ್ಲಿ ಬರೆದಿದ್ದು 50ರಿಂದ 200 ಮೀಟರ್ ನಡೀತಾರೆ ಅಂತ! ಅದಕ್ಕೆ 4 ಪಾಯಿಂಟ್. 8 ಇಲ್ಲದಿದ್ದರೆ ಮೊಬಿಲಿಟಿಗೆ ಒಂದು ಪೆನ್ನಿಯೂ ಇಲ್ಲ. ತಪಾಸಣೆ ನಡೆದದ್ದು ಫೋನಿನಲ್ಲಿ. ಇವರು ನಡೆಯೋದನ್ನು ಕಣ್ಣಾರೆ ನೋಡಿದವರೇ ಇಲ್ಲ.

ಮ್ಯಾಂಡೇಟರಿ ರಿಕನ್ಸಿಡರೇಷನ್ (ಅಪೀಲಿಗೆ ಮುಂಚೆ ಇಲಾಖೆಯೇ ನಿರ್ಧಾರವನ್ನು ಮತ್ತೆ ನೋಡೋದು) ಕೇಳಿದೆವು. ಅದು ಹೇಗಿರುತ್ತೆ ಅಂತ ಗೊತ್ತಲ್ವಾ, ಅವೇ ಸಾಲುಗಳು, ತಾರೀಕು ಮಾತ್ರ ಹೊಸದು. ಟ್ರಿಬ್ಯೂನಲ್‌ಗೆ ಹಾಕಿದೆವು.

ಆಮೇಲೆ ಬಂತು ಆ ಫೋನ್. ನಾನು ಕೆಲಸದಲ್ಲಿದ್ದೆ. "ನಿಮ್ಮ ಫೈಲು ಮತ್ತೆ ನೋಡಿದ್ದೇವೆ. 10 ಪಾಯಿಂಟ್, ಸ್ಟ್ಯಾಂಡರ್ಡ್ ರೇಟು ಕೊಡ್ತೀವಿ. ಹಿಂದಿನ ಬಾಕಿಯೂ ಬೇಗ ಬರುತ್ತೆ. ವಿಚಾರಣೆಗೆ ಹೋದರೆ ಈಗ ಸಿಗ್ತಿರೋದೂ ಹೋಗಬಹುದು." ಇವರು ಕೇಳಿದ್ದಾರೆ, "ಉಳಿದ ಪಾಯಿಂಟಿಗೆ ಟ್ರಿಬ್ಯೂನಲ್‌ನಲ್ಲಿ ಕೇಳಬಹುದಾ?" ಅದಕ್ಕೆ ಉತ್ತರ, "ನಿಮ್ಮ ಹಕ್ಕು ಎಲ್ಲೂ ಹೋಗಲ್ಲ." ಇವರು ಸರಿ ಅಂದರು.

ಪತ್ರ ಬಂತು. ನಿರ್ಧಾರ ಬದಲಾಗಿದೆ, ಆದ್ದರಿಂದ ನಿಮ್ಮ ಅಪೀಲು ಮುಗಿದಿದೆ ಅಂತ. ಮುಗಿದಿದೆ! ತಿಂಗಳುಗಟ್ಟಲೆ ಕಾದ ಸರದಿ, ಸುಮ್ನೆ ಒಂದು ಫೋನಿನಲ್ಲಿ ಹೋಯ್ತು. ಇವರು ಪತ್ರವನ್ನು ಮಡಚಿ ಮಡಚಿ ಚಿಕ್ಕದು ಮಾಡಿ ಜೇಬಿಗೆ ಹಾಕಿಕೊಂಡರು. ಯಾರಿಗೂ ಹೇಳಬೇಡ ಅಂದರು. ನಾಚಿಕೆ ಪಡಬೇಕಾದವರು ಇವರಲ್ಲ, ಅದಕ್ಕೇ ಬರೀತಿದ್ದೇನೆ.

ನಾನೇ ಇಲಾಖೆಗೆ ಫೋನ್ ಮಾಡಿದೆ. "ನಿಮ್ಮ ಗಂಡ ಒಪ್ಪಿದ್ದಾರೆ, ನೋಟ್ಸ್‌ನಲ್ಲಿದೆ."

"ಒಪ್ಪಿದರೆ ಅಪೀಲು ನಿಂತುಹೋಗುತ್ತೆ ಅಂತ ಹೇಳಿದ್ರಾ?"

"ಹೊಸ ನಿರ್ಧಾರದ ಮೇಲೆ ಮತ್ತೆ ಅಪೀಲು ಹಾಕಬಹುದು."

"ಅದಲ್ಲ ಕೇಳಿದ್ದು. ಹೇಳಿದ್ರಾ?"

"ಒಪ್ಪಿದ್ದಾರೆ ಅಂತ ನೋಟ್ಸ್‌ನಲ್ಲಿದೆ."

ಎಷ್ಟು ಕೇಳಿದರೂ ಅದೇ. ನೋಟ್ಸ್‌ನಲ್ಲಿದೆ, ನೋಟ್ಸ್‌ನಲ್ಲಿದೆ.

ಫೋನ್ ಬಂದರೆ "ಬರೆದು ಕಳಿಸಿ, ಸಿಟಿಜನ್ಸ್ ಅಡ್ವೈಸ್‌ನಲ್ಲಿ ಕೇಳಿ ಹೇಳ್ತೀನಿ" ಅನ್ನಿ (ಅದು ಉಚಿತವಾಗಿ ಸಲಹೆ ಕೊಡುವ ಸಂಸ್ಥೆ), ಇಟ್ಟುಬಿಡಿ. ಬೇಡ ಅಂದರೆ ಅಪೀಲು ಹಾಗೇ ಮುಂದುವರಿಯುತ್ತೆ. ವಿಚಾರಣೆಗೆ ಹೋದ ಪಿಐಪಿ ಅಪೀಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅರ್ಜಿದಾರರೇ ಗೆಲ್ತಾರೆ. ಅಲ್ಲಿ ಜಡ್ಜ್ ಜೊತೆ ಒಬ್ಬ ಡಾಕ್ಟರು, ಅಂಗವೈಕಲ್ಯದ ಬಗ್ಗೆ ತಿಳಿದ ಇನ್ನೊಬ್ಬರು ಕೂತಿರ್ತಾರೆ. ಒಂದು ಸಲ ಹೇಗೋ ನಡೆದುಬಿಟ್ಟದ್ದು ಲೆಕ್ಕಕ್ಕಿಲ್ಲ. ಅಪಾಯವಿಲ್ಲದೆ, ಮತ್ತೆ ಮತ್ತೆ ನಡೆಯೋಕೆ ಆಗುತ್ತಾ ಅನ್ನೋದನ್ನು ಅವರು ನೋಡಬೇಕು. ಫೋನಿನಲ್ಲಿ ಇದನ್ನು ಯಾರೂ ಕೇಳಲೇ ಇಲ್ಲ.

ಈಗಾಗಲೇ ಒಪ್ಪಿಬಿಟ್ಟಿದ್ದರೆ ಹೊಸ ಪತ್ರದ ತಾರೀಕು ನೋಡಿ, ಒಂದು ತಿಂಗಳು ಮಾತ್ರ ಇರೋದು. ನಾವು ಮತ್ತೆ ಹಾಕಿದ್ದೇವೆ. ಈ ಸಲ ಫಾರಂನಲ್ಲೇ ಬರೆದಿದ್ದೇವೆ, ಏನಿದ್ದರೂ ಪತ್ರದಲ್ಲಿ ತಿಳಿಸಿ, ಫೋನ್ ಮಾಡಬೇಡಿ ಅಂತ.